ಪದವಿಯ ಮೇಲಣ ಓದು

ಹಿಂದೆ ಹಳ್ಳಿಯ ಹುಡುಗನೊಬ್ಬನು ಬಿ.ಎ. ತೇರ್ಗಡೆಯಾದನೆಂದರೆ ಆ ಸುದ್ದಿ ಸುತ್ತಣ ನಾಲ್ಕು ಊರಿಗೆ ಮುಟ್ಟುತ್ತಿದ್ದಿತು. ಪದವಿಯೇ ವಿದ್ಯೆಯ ಕೊನೆಯ ಮೆಟ್ಟಿಲೆಂದು ಗೃಹಸ್ಥರು ಭಾವಿಸಿದ್ದರು. ಈಗ ಪದವೀಧರರಿಲ್ಲದ ಬೀದಿಯೇ ವಿರಳವಾಗಿದೆ. ಪದವಿಯ ಮೇಲೆ ಇನ್ನೂ ಓದಬೇಕೆನ್ನುವ ಮಕ್ಕಳು ಮತ್ತೊಂದು ಪ್ರವೇಶ ಪರೀಕ್ಷೆಯನ್ನು ದಾಟಬೇಕು. ಅದರ ಸಿದ್ಧತೆಯೋ ಕಾಲೇಜಿನ ಓದು ನಡೆಯುತ್ತಿರುವಾಗಲೇ ಆಗಬೇಕು. ಇದು ಮಕ್ಕಳಿಗೆ ಎಷ್ಟು ಕಷ್ಟವೋ, ಹಣವನ್ನು ಹೊಂದಿಸಬೇಕಾದ ಮತ್ತು ಹೊರಗಿನಿಂದ ನೋಡುತ್ತ ಕುಳಿತಿರಬೇಕಾದ ತಂದೆತಾಯಿಗಳಿಗೂ ಅಷ್ಟೇ ಕಷ್ಟವಾದ ಸಂಗತಿ.

ತುಮಕೂರು ಜಿಲ್ಲೆಯ ವಾಚಕ ಮಹಾಶಯರೊಬ್ಬರು ಇದೇ ವಿಚಾರವಾಗಿ ನಮಗೆ ಪತ್ರ ಬರೆದಿದ್ದಾರೆ. ಅವರಿಗೆ ಸ್ವಲ್ಪ ತೆಂಗಿನ ತೋಟವುಂಟು, ಇಬ್ಬರು ಮಕ್ಕಳು. ಹಿರಿಯ ಮಗಳು ವಿದ್ಯುತ್ ಎಂಜಿನಿಯರಿಂಗಿನ ಐದನೆಯ ಸೆಮಿಸ್ಟರಿನಲ್ಲಿ ಓದುತ್ತಿದ್ದಾಳೆ. ಆಕೆಗೆ ಗೇಟ್ ಪರೀಕ್ಷೆಯನ್ನು ಬರೆದು ಎಂ.ಟೆಕ್. ಸೇರಬೇಕೆಂಬ ಹಂಬಲ. ಬೆಂಗಳೂರಿನ ಕೋಚಿಂಗ್ ಶಾಲೆಗೆ ಸೇರದೆ ಅದು ಸಾಧ್ಯವಿಲ್ಲವೆಂದು ಗೆಳತಿಯರು ಹೇಳಿದ್ದಾರಂತೆ. ಶುಲ್ಕಕ್ಕಾಗಿ ಮನೆಯಾಕೆ ತಮ್ಮ ಬಳೆಗಳನ್ನು ಅಡವಿಡೋಣವೆಂದು ಮುಂದೆ ಬಂದಿದ್ದಾರೆ. “ಕಾಲೇಜಿನ ಪಾಠದಿಂದ ಪ್ರಯೋಜನವಿಲ್ಲ ಅಪ್ಪ, ಹಾಜರಿಗೆ ಬೇಕಾದಷ್ಟು ದಿನ ಮಾತ್ರ ಹೋಗುತ್ತೇನೆ” ಎನ್ನುತ್ತಾಳೆ ಮಗಳು. ಮನೆಯ ಹಿರಿಯರಾದರೋ ಓದಿದ್ದು ಸಾಕು, ಗಂಡು ನೋಡಿ ಎಂದು ಒತ್ತಾಯಪಡಿಸುತ್ತಿದ್ದಾರೆ. ಇವರೆಲ್ಲರ ನಡುವೆ ನಾನು ಮಾಡತಕ್ಕದ್ದೇನು ಎಂಬುದು ಆ ಮಹಾಶಯರ ಪ್ರಶ್ನೆ.

ಇಂತಹ ಮನೆಗಳು ನಾಡಿನಲ್ಲಿ ಅನೇಕವಿರುವುದರಿಂದ ಅವರಿಗೆ ಹೇಳಬೇಕಾದುದನ್ನು ಎಲ್ಲರಿಗೂ ಹೇಳುತ್ತೇವೆ. ನಾವು ಸಂಸ್ಕೃತದ ಪಾಠ ಹೇಳಿ ನಿವೃತ್ತರಾದವರು. ವಿದ್ಯುದ್ಯಂತ್ರಗಳ ಶಾಸ್ತ್ರ ನಮ್ಮದಲ್ಲ. ಆದರೆ ವಿದ್ಯಾರ್ಥಿಯ ಮನಸ್ಸು ಹೇಗೆ ಕಲಿಯುವುದು, ಎಲ್ಲಿ ದಣಿಯುವುದು ಎಂಬುದನ್ನು ಮೂವತ್ತು ವರ್ಷ ನೋಡಿದ್ದೇವೆ. ಈ ಪರೀಕ್ಷೆಯ ನಿಯಮಗಳನ್ನೂ ಓದಿ ನೋಡಿದ್ದೇವೆ. ಹೊರಗೆ ಕೇಳುವ ಮಾತುಗಳಿಗೂ ಈ ನಿಯಮಗಳಿಗೂ ಬಹಳ ಅಂತರವುಂಟು.

ಮೊದಲು ಯಾವ ವ್ಯಾಸಂಗಕ್ಕೆ ಯಾವ ಪರೀಕ್ಷೆಯೆಂಬುದನ್ನು ಗೃಹಸ್ಥರು ತಿಳಿದಿರಬೇಕು. ಎಂ.ಟೆಕ್. ಮೊದಲಾದುವಕ್ಕೆ ಗೇಟ್ ಪರೀಕ್ಷೆ. ಐ.ಐ.ಟಿ. ಮುಂತಾದ ಸಂಸ್ಥೆಗಳಲ್ಲಿ ಎಂ.ಎಸ್ಸಿ. ಓದುವವರಿಗೆ ಜ್ಯಾಮ್. ಕೇಂದ್ರೀಯ ವಿಶ್ವವಿದ್ಯಾನಿಲಯಗಳ ಸ್ನಾತಕೋತ್ತರ ತರಗತಿಗಳಿಗೆ ೨೦೨೨ರಿಂದ ಒಂದು ಸಾಮಾನ್ಯ ಪರೀಕ್ಷೆ ಬಂದಿದೆ. ಕಲಬುರಗಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾನಿಲಯವೂ ಅದಕ್ಕೆ ಸೇರಿದುದು. ಐ.ಐ.ಎಂ.ಗಳಲ್ಲಿ ವ್ಯವಹಾರ ನಿರ್ವಹಣೆಯನ್ನು ಕಲಿಯುವವರಿಗೆ ಕ್ಯಾಟ್. ನಮ್ಮ ರಾಜ್ಯದ ಕಾಲೇಜುಗಳಲ್ಲಿ ಎಂ.ಬಿ.ಎ., ಎಂ.ಸಿ.ಎ., ಎಂ.ಟೆಕ್. ಸ್ಥಾನಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದವರು ನಡೆಸುವ ಪಿ.ಜಿ.ಸಿ.ಇ.ಟಿ. ಅಮೆರಿಕ ಮುಂತಾದ ದೇಶಗಳಿಗೆ ಹೋಗುವವರಿಗೆ ಜಿ.ಆರ್.ಇ.; ಇದು ಸುಮಾರು ನಾಲ್ಕು ಗಂಟೆಗಳ ಪರೀಕ್ಷೆಯಾಗಿದ್ದುದು ೨೦೨೩ರ ಸೆಪ್ಟೆಂಬರಿನಿಂದ ಎರಡು ಗಂಟೆಗೆ ಇಳಿದಿದೆ, ಮತ್ತು ಎಲ್ಲ ವಿಶ್ವವಿದ್ಯಾನಿಲಯಗಳೂ ಈಗ ಇದನ್ನು ಕಡ್ಡಾಯವಾಗಿ ಕೇಳುವುದಿಲ್ಲ. ಯಾವ ಊರಿನಲ್ಲಿ ಏನನ್ನು ಓದಬೇಕೆಂಬುದನ್ನು ನಿಶ್ಚಯಿಸಿಕೊಳ್ಳದೆ ಎಲ್ಲ ಪರೀಕ್ಷೆಗಳಿಗೂ ಅರ್ಜಿ ಹಾಕುವುದು ಹಣಕ್ಕೂ ಕಾಲಕ್ಕೂ ನಷ್ಟ.

ಈಗ ಗೇಟ್ ಪರೀಕ್ಷೆಯ ಸ್ವರೂಪವನ್ನು ನೋಡೋಣ. ಇದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಏಳು ಹಳೆಯ ಐ.ಐ.ಟಿ.ಗಳೂ ಸರದಿಯ ಮೇಲೆ ನಡೆಸುತ್ತವೆ. ೨೦೨೪ರಲ್ಲಿ ಬೆಂಗಳೂರಿನವರ ಸರದಿ, ೨೦೨೫ರಲ್ಲಿ ರೂರ್ಕಿಯವರದು. ಪರೀಕ್ಷೆಯು ಸಾಮಾನ್ಯವಾಗಿ ಫೆಬ್ರವರಿಯಲ್ಲಿ, ಕಂಪ್ಯೂಟರಿನ ಮುಂದೆ, ಮೂರು ಗಂಟೆಗಳ ಕಾಲ ನಡೆಯುವುದು. ಪ್ರಶ್ನೆಗಳು ೬೫, ಅಂಕಗಳು ೧೦೦. ಇದರಲ್ಲಿ ೧೫ ಅಂಕಗಳು ಭಾಷೆ, ಲೆಕ್ಕ, ತರ್ಕಗಳ ಸಾಮಾನ್ಯ ಸಾಮರ್ಥ್ಯಕ್ಕೆ. ಎಂಜಿನಿಯರಿಂಗಿನ ಹೆಚ್ಚಿನ ಶಾಖೆಗಳಲ್ಲಿ ೧೩ ಅಂಕಗಳು ಗಣಿತಕ್ಕೆ. ಉಳಿದ ೭೨ ಶಾಖೆಯ ವಿಷಯಗಳಿಗೆ. ಹೆಣ್ಣುಮಕ್ಕಳಿಗೂ, ಪರಿಶಿಷ್ಟ ಜಾತಿ ಪಂಗಡಗಳವರಿಗೂ, ಅಂಗವಿಕಲರಿಗೂ ಅರ್ಜಿಯ ಶುಲ್ಕ ಅರ್ಧದಷ್ಟೇ. ಪದವಿಯ ಮೂರನೆಯ ವರ್ಷದಲ್ಲಿರುವವರೂ ಕುಳಿತುಕೊಳ್ಳಬಹುದು. ವಯಸ್ಸಿನ ಮಿತಿಯಿಲ್ಲ; ಇಷ್ಟೇ ಸಲ ಬರೆಯಬೇಕೆಂಬ ಕಟ್ಟೂ ಇಲ್ಲ. ಒಮ್ಮೆ ಪಡೆದ ಅಂಕವು ಮೂರು ವರ್ಷ ಸಲ್ಲುವುದು.

ಈ ಕಡೆಯ ಮೂರು ಸಂಗತಿಗಳನ್ನು ಗೃಹಸ್ಥರು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಈ ಒಂದು ದಿನ ತಪ್ಪಿದರೆ ಬಾಳೇ ತಪ್ಪಿತೆಂಬ ಭಯವು ಅನೇಕ ಮನೆಗಳಲ್ಲಿ ಹೊಕ್ಕಿದೆ. ಪರೀಕ್ಷೆಯ ನಿಯಮಗಳಲ್ಲಿ ಅಂತಹ ಭಯಕ್ಕೆ ಆಧಾರವಿಲ್ಲ.

ಇನ್ನು ವಿಷಯಗಳ ಮಾತು. ವಿದ್ಯುತ್ ಶಾಖೆಯವರಿಗೆ ಗೊತ್ತುಮಾಡಿರುವ ಪಠ್ಯವನ್ನು ತೆರೆದು ನೋಡಿದರೆ ವಿದ್ಯುನ್ಮಂಡಲಗಳು, ಕಾಂತಕ್ಷೇತ್ರಗಳು, ಸಂಕೇತಗಳು, ವಿದ್ಯುದ್ಯಂತ್ರಗಳು, ವಿದ್ಯುತ್ ಸರಬರಾಜು, ನಿಯಂತ್ರಣ, ಅಳತೆಯ ಉಪಕರಣಗಳು, ಎಲೆಕ್ಟ್ರಾನಿಕ್ಸ್ ಇವೇ ಕಾಣುವುವು. ಇವು ಆ ಹುಡುಗಿಯು ಎರಡನೆಯ ವರ್ಷದಿಂದ ಕಾಲೇಜಿನಲ್ಲಿ ಓದಿರುವ, ಓದುತ್ತಿರುವ ಮತ್ತು ಮುಂದಿನ ವರ್ಷ ಓದಲಿರುವ ವಿಷಯಗಳೇ ಹೊರತು ಬೇರೆಯಲ್ಲ. ಕಾಲೇಜಿನ ಪಾಠವನ್ನು ಬಿಟ್ಟು, ಅದೇ ಪಾಠವನ್ನು ಮತ್ತೊಂದು ಕಡೆ ಹಣ ಕೊಟ್ಟು ಕೇಳುವುದು, ಮನೆಯ ಬಾವಿಯನ್ನು ಮುಚ್ಚಿ ನೀರು ಕೊಂಡು ತಂದಂತೆ. ಎಲ್ಲ ಉಪಾಧ್ಯಾಯರೂ ಚೆನ್ನಾಗಿ ಪಾಠ ಹೇಳುತ್ತಾರೆಂದು ನಾವು ಹೇಳಲಾರೆವು. ಕೆಲವರು ಬರೆದಿಟ್ಟ ಟಿಪ್ಪಣಿಯನ್ನು ಓದಿ ಹೊರಟುಹೋಗುವುದುಂಟು. ಆದರೂ ಆ ಗಂಟೆಯಲ್ಲಿ ಯಾವ ವಿಷಯವು ಬಂದಿತೆಂಬುದು ತಿಳಿಯುವುದು. ಸಂಜೆ ಅದೇ ವಿಷಯವನ್ನು ಒಳ್ಳೆಯ ಪುಸ್ತಕದಲ್ಲಿ ನೋಡಿ ನಾಲ್ಕು ಲೆಕ್ಕ ಬಿಡಿಸಿದರೆ ಕಾಲೇಜಿನ ಓದು, ಪ್ರವೇಶ ಪರೀಕ್ಷೆಯ ಓದು ಎರಡೂ ಒಂದಾಗುವುವು.

ನಮ್ಮ ಪಾಠಶಾಲೆಗಳಲ್ಲಿ ಚಿಂತನೆಯೆಂಬ ಒಂದು ಪದ್ಧತಿಯುಂಟು. ನಿನ್ನೆಯ ಪಾಠವನ್ನು ವಿದ್ಯಾರ್ಥಿಯು ತಾನೇ ಒಪ್ಪಿಸಿ ವಿವರಿಸಿದ ಹೊರತು ಇಂದಿನ ಪಾಠವು ಮುಂದಕ್ಕೆ ಹೋಗದು. ಹೊಸ ಪಾಠ ಕೇಳುವುದು ಅರ್ಧ ಗಂಟೆಯಾದರೆ ಚಿಂತನೆಗೆ ಒಂದು ಗಂಟೆ. ಕೇಳಿದುದು ಕಿವಿಯಲ್ಲಿರುವುದು, ಒಪ್ಪಿಸಿದುದು ಮಾತ್ರ ಬುದ್ಧಿಗೆ ಇಳಿಯುವುದು ಎಂಬುದನ್ನು ಹಿಂದಿನವರು ಅನುಭವದಿಂದ ಬಲ್ಲವರಾಗಿದ್ದರು. ಈಗಿನ ಮಕ್ಕಳಾದರೋ ಒಂದಾದ ಮೇಲೊಂದು ಉಪನ್ಯಾಸವನ್ನು ಫೋನಿನಲ್ಲಿ ಕೇಳುತ್ತಾರೆ. ದಿನಕ್ಕೆ ಆರು ಗಂಟೆ ಓದಿದೆವೆಂದು ಸಂತೋಷಪಡುತ್ತಾರೆ. ಪುಸ್ತಕವನ್ನು ಮುಚ್ಚಿ ಬಿಳಿಯ ಹಾಳೆಯ ಮೇಲೆ ಒಂದು ಲೆಕ್ಕವನ್ನು ತಾವಾಗಿ ಬಿಡಿಸಿ ನೋಡುವುದಿಲ್ಲ. ಒಂದು ಗಂಟೆಯ ಉಪನ್ಯಾಸ ಕೇಳಿದವರು ಎರಡು ಗಂಟೆ ಲೆಕ್ಕ ಬಿಡಿಸಬೇಕು. ಈ ನಿಯಮವನ್ನು ತಪ್ಪದೆ ನಡೆಸುವವರಿಗೆ ಕೋಚಿಂಗ್ ಬಹುಮಟ್ಟಿಗೆ ಬೇಕಾಗುವುದಿಲ್ಲ.

ಕಾಲದ ಲೆಕ್ಕವನ್ನೂ ಹಾಕಿ ನೋಡೋಣ. ಐದನೆಯ ಸೆಮಿಸ್ಟರಿನ ಆರಂಭದಿಂದ ನಾಲ್ಕನೆಯ ವರ್ಷದ ಫೆಬ್ರವರಿಗೆ ಸುಮಾರು ಒಂದೂವರೆ ವರ್ಷ ಸಿಕ್ಕುವುದು. ಸೆಮಿಸ್ಟರ್ ಪರೀಕ್ಷೆ, ಹಬ್ಬಹರಿದಿನ, ಕಾಯಿಲೆ ಕಸಾಲೆ ಇವುಗಳಿಗೆ ಧಾರಾಳವಾಗಿ ಬಿಟ್ಟರೂ ೫೦ ವಾರಗಳು ಉಳಿಯುವುವು. ದಿನಕ್ಕೆ ಎರಡು ಗಂಟೆ, ಭಾನುವಾರ ನಾಲ್ಕು ಗಂಟೆ ಎಂದರೆ ವಾರಕ್ಕೆ ೧೬ ಗಂಟೆ. ಒಟ್ಟು ೮೦೦ ಗಂಟೆ. ವಿಷಯಗಳು ಗಣಿತವೂ ಸೇರಿ ಹತ್ತು ಎಂದಿಟ್ಟುಕೊಂಡರೆ ಒಂದೊಂದಕ್ಕೆ ೮೦ ಗಂಟೆ ಬರುವುದು. ಇದು ಅಲ್ಪವಲ್ಲ. ಆದರೆ ಇದೇ ೮೦೦ ಗಂಟೆಗಳನ್ನು ಕಡೆಯ ಮೂರು ತಿಂಗಳಿನಲ್ಲಿ ತುಂಬಿಸುತ್ತೇವೆಂದರೆ ದಿನಕ್ಕೆ ಒಂಬತ್ತು ಗಂಟೆಯಾಗುವುದು. ಕಾಲೇಜಿಗೆ ಹೋಗುವವರಿಗೆ ಅದು ಸಾಧ್ಯವೇ ಇಲ್ಲ. ತಡವಾಗಿ ಎಚ್ಚೆತ್ತವರೇ ಕಾಲೇಜನ್ನು ಶತ್ರುವೆಂದು ಭಾವಿಸುವುದು ಈ ಕಾರಣದಿಂದ.

ಕ್ರಮವು ಹೀಗಿರಲಿ. ಸೆಮಿಸ್ಟರು ನಡೆಯುತ್ತಿರುವಾಗ ಆ ಸೆಮಿಸ್ಟರಿನ ವಿಷಯಗಳನ್ನೇ ಗೇಟಿನ ಮಟ್ಟಕ್ಕೆ ಓದುವುದು. ರಜೆಯಲ್ಲಿ ಗಣಿತವನ್ನೂ ಹಿಂದಿನ ವರ್ಷದ ವಿಷಯಗಳನ್ನೂ ಮುಗಿಸುವುದು. ಏಳನೆಯ ಸೆಮಿಸ್ಟರಿನಲ್ಲಿ ಹಿಂದಿನ ವರ್ಷಗಳ ಪ್ರಶ್ನಪತ್ರಿಕೆಗಳನ್ನು ಗಡಿಯಾರವನ್ನು ಮುಂದಿಟ್ಟುಕೊಂಡು ಬಿಡಿಸುವುದು. ಕಡೆಯ ಆರು ವಾರಗಳಲ್ಲಿ ಹೊಸದಾಗಿ ಏನನ್ನೂ ಹಿಡಿಯದೆ ಓದಿದುದನ್ನೇ ತಿರುವಿಹಾಕುವುದು. ಸೆಮಿಸ್ಟರ್ ಪರೀಕ್ಷೆಗಳು ಕೆಲವು ವೇಳೆ ಡಿಸೆಂಬರು ಜನವರಿಗಳಲ್ಲಿ ಬಂದು ಗೇಟಿಗೆ ಅಡ್ಡವಾಗುವಂತೆ ತೋರುವುದರಿಂದ, ನವೆಂಬರಿನ ಕೊನೆಗೆ ಮೊದಲ ಸುತ್ತಿನ ಓದು ಮುಗಿದಿರುವಂತೆ ನೋಡಿಕೊಳ್ಳಬೇಕು.

ತಪ್ಪುಗಳಿಗೆಂದು ಒಂದು ಪ್ರತ್ಯೇಕ ನೋಟುಪುಸ್ತಕವಿರಲಿ. ತಪ್ಪಿದ ಪ್ರತಿಯೊಂದು ಲೆಕ್ಕವನ್ನೂ ಅದರಲ್ಲಿ ಬರೆದು, ತಪ್ಪಿದುದೇಕೆಂದು ಒಂದು ಸಾಲು ಸೇರಿಸಬೇಕು: ತತ್ತ್ವವೇ ತಿಳಿಯಲಿಲ್ಲವೋ, ಸೂತ್ರ ಮರೆತುಹೋಯಿತೋ, ಪ್ರಶ್ನೆಯನ್ನು ಅವಸರದಲ್ಲಿ ಓದಿದೆನೋ, ಕೂಡುವಾಗ ಕೈ ತಪ್ಪಿತೋ. ಎರಡು ತಿಂಗಳು ಕಳೆದ ಮೇಲೆ ಆ ಪುಸ್ತಕವನ್ನು ನೋಡಿದರೆ ತನ್ನ ದೌರ್ಬಲ್ಯವು ಯಾವುದೆಂಬುದು ವಿದ್ಯಾರ್ಥಿಗೆ ಕನ್ನಡಿಯಲ್ಲಿ ಕಂಡಂತೆ ಕಾಣುವುದು. ಪರೀಕ್ಷೆಯಲ್ಲಿ ಸ್ವಂತ ಕ್ಯಾಲ್ಕ್ಯುಲೇಟರನ್ನು ಒಯ್ಯಗೊಡುವುದಿಲ್ಲ. ಕಂಪ್ಯೂಟರಿನ ತೆರೆಯ ಮೇಲೆ ತೋರುವುದನ್ನೇ ಉಪಯೋಗಿಸಬೇಕು. ಮನೆಯಲ್ಲಿ ಅಭ್ಯಾಸ ಮಾಡುವಾಗಲೂ ಅದರಲ್ಲಿಯೇ ಮಾಡುವುದು ಲೇಸು.

ಉತ್ತರ ಗೊತ್ತಿಲ್ಲದಿದ್ದಾಗ ಊಹಿಸಿ ಬರೆಯಬಹುದೇ ಎಂಬ ಪ್ರಶ್ನೆಯನ್ನು ಮಕ್ಕಳು ಕೇಳುತ್ತಾರೆ. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪ್ರಶ್ನೆಗಳಲ್ಲಿ ತಪ್ಪಿಗೆ ಆ ಪ್ರಶ್ನೆಯ ಅಂಕದ ಮೂರನೆಯ ಒಂದು ಪಾಲನ್ನು ಕಳೆಯುತ್ತಾರೆ. ಎರಡು ಅಂಕದ ಹನ್ನೆರಡು ಪ್ರಶ್ನೆಗಳಿಗೆ ಕಣ್ಣು ಮುಚ್ಚಿ ಉತ್ತರ ಗುರುತಿಸಿದರೆ ಸರಾಸರಿಯಲ್ಲಿ ಮೂರು ಸರಿಯಾಗಿ ೬ ಅಂಕ ಬರುವುವು. ಒಂಬತ್ತು ತಪ್ಪಾಗಿ ೬ ಅಂಕ ಹೋಗುವುವು. ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ನಾಲ್ಕರಲ್ಲಿ ಒಂದು ಖಂಡಿತವಾಗಿ ತಪ್ಪೆಂದು ಪ್ರತಿ ಪ್ರಶ್ನೆಯಲ್ಲಿಯೂ ತಿಳಿದಿದ್ದರೆ, ಹನ್ನೆರಡರಲ್ಲಿ ನಾಲ್ಕು ಸರಿಯಾಗಿ ೮ ಅಂಕ ಬರುವುವು. ಎಂಟು ತಪ್ಪಾಗಿ ಐದೂ ಮೂರನೆಯ ಒಂದು ಹೋಗುವುವು. ಎರಡೂವರೆಗೆ ಮೇಲ್ಪಟ್ಟು ಉಳಿಯುವುವು. ಅಂದರೆ ಅರ್ಧ ತಿಳಿದವನಿಗೂ ಫಲವುಂಟು, ಏನೂ ತಿಳಿಯದವನಿಗೆ ಇಲ್ಲ. ಸಂಖ್ಯೆಯನ್ನೇ ಬರೆಯಬೇಕಾದ ಪ್ರಶ್ನೆಗಳಿಗೂ, ಒಂದಕ್ಕಿಂತ ಹೆಚ್ಚು ಉತ್ತರಗಳು ಸರಿಯಿರಬಹುದಾದ ಪ್ರಶ್ನೆಗಳಿಗೂ ತಪ್ಪಿದರೆ ಅಂಕ ಕಳೆಯುವುದಿಲ್ಲ. ಆದುದರಿಂದ ಅವುಗಳನ್ನು ಬರಿದಾಗಿ ಬಿಡಬಾರದು.

ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಇನ್ನೊಂದು ಮಾತು. ಪ್ರಶ್ನಪತ್ರಿಕೆಯೆಲ್ಲ ಇಂಗ್ಲಿಷಿನಲ್ಲಿರುವುದು. ಶಾಸ್ತ್ರವನ್ನು ಬಲ್ಲವರೂ ವಾಕ್ಯವನ್ನು ತಪ್ಪಾಗಿ ಓದಿ ಅಂಕ ಕಳೆದುಕೊಳ್ಳುವುದುಂಟು. ಇದಕ್ಕೆ ದೊಡ್ಡ ಔಷಧವೇನೂ ಬೇಡ. ದಿನಕ್ಕೊಂದು ಇಂಗ್ಲಿಷ್ ಪತ್ರಿಕೆಯ ಲೇಖನವನ್ನು ಓದಿ, ಅದರ ಸಾರವನ್ನು ರಾತ್ರಿ ಊಟದ ವೇಳೆಗೆ ತಾಯಿಗೆ ಕನ್ನಡದಲ್ಲಿ ಹೇಳಲಿ. ಹಾಸ್ಟೆಲಿನಲ್ಲಿದ್ದರೆ ಫೋನಿನಲ್ಲಿ ಹೇಳಲಿ. ತಾಯಿಗೆ ಅರ್ಥವಾಗುವಂತೆ ಹೇಳಲು ಬಂದರೆ ತನಗೂ ಅರ್ಥವಾಗಿದೆಯೆಂದು ತಿಳಿಯಬಹುದು. ತಾಯಿಗೂ ನಾಲ್ಕು ಲೋಕವಾರ್ತೆ ತಿಳಿಯುವುದು.

ಇನ್ನು ಕೋಚಿಂಗಿನ ವಿಚಾರ. ಅದು ವ್ಯರ್ಥವೆಂದು ನಾವು ಹೇಳುವುದಿಲ್ಲ. ತಾನಾಗಿ ವೇಳೆಯನ್ನು ಕಾಯಲಾರದವರಿಗೆ ಕಟ್ಟುಪಾಡನ್ನು ಕೊಡುವುದು, ಜೊತೆಗಾರರನ್ನು ಕೊಡುವುದು, ಆಗಾಗ ಪರೀಕ್ಷೆ ಮಾಡುವುದು ಇವು ಅದರ ಗುಣಗಳು. ಇವುಗಳಲ್ಲಿ ಯಾವುದು ತನಗೆ ಕೊರತೆಯೆಂಬುದನ್ನು ತಿಳಿಯದೆ ಹಣ ಕಟ್ಟುವುದು ತಪ್ಪು. ಐ.ಐ.ಟಿ.ಗಳೂ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುತ್ತಿರುವ ಎನ್.ಪಿ.ಟಿ.ಇ.ಎಲ್. ಎಂಬ ಯೋಜನೆಯಲ್ಲಿ, ಆ ಸಂಸ್ಥೆಗಳ ಅಧ್ಯಾಪಕರೇ ಹೇಳಿದ ಪಾಠಗಳು ಯಾರಿಗಾದರೂ ಹಣವಿಲ್ಲದೆ ಕೇಳಲು ದೊರೆಯುತ್ತವೆ. ಹಿಂದಿನ ವರ್ಷಗಳ ಪ್ರಶ್ನಪತ್ರಿಕೆಗಳನ್ನೂ ಮಾದರಿ ಪರೀಕ್ಷೆಯನ್ನೂ ಗೇಟ್ ನಡೆಸುವವರೇ ಉಚಿತವಾಗಿ ಕೊಡುತ್ತಾರೆ. ಆದುದರಿಂದ ಪತ್ರ ಬರೆದ ಮಹಾಶಯರಿಗೆ ನಮ್ಮ ಸಲಹೆಯೇನೆಂದರೆ, ಬಳೆಗಳು ಸದ್ಯಕ್ಕೆ ಆ ತಾಯಿಯ ಕೈಯಲ್ಲಿಯೇ ಇರಲಿ. ಮಗಳು ಎರಡು ತಿಂಗಳು ಮೇಲಿನ ಕ್ರಮದಲ್ಲಿ ಓದಿ ನೋಡಲಿ. ವಾರಕ್ಕೆ ೧೬ ಗಂಟೆಯನ್ನು ತಪ್ಪದೆ ನಡೆಸಿದಳೆಂದರೆ ಅವಳಿಗೆ ಬೇಕಾದುದು ಪರೀಕ್ಷೆಗಳ ಅಭ್ಯಾಸ ಮಾತ್ರ; ಅದಕ್ಕೆ ಅಲ್ಪವಾದ ವೆಚ್ಚ ಸಾಕು. ನಡೆಸಲಾಗದೆ ಹೋದರೆ ಆಗ ಕೋಚಿಂಗಿನ ಮಾತನ್ನು ಯೋಚಿಸಬಹುದು.

ಹಾಗೆ ಸೇರಿಸುವುದಾದರೂ ಕೆಲವು ಎಚ್ಚರಿಕೆಗಳು ಅಗತ್ಯ. ಇಡೀ ಶುಲ್ಕವನ್ನು ಒಂದೇ ಕಂತಿನಲ್ಲಿ ಕಟ್ಟಬಾರದು. ನಡುವೆ ಬಿಟ್ಟರೆ ಹಣ ಹಿಂದಿರುಗುವುದೇ ಎಂಬುದನ್ನು ಬರಹದಲ್ಲಿ ಪಡೆಯಬೇಕು. ಹೀಗೆ ಬಿಟ್ಟವರಿಗೆ ಉಳಿದ ಅವಧಿಯ ಹಣವನ್ನು ೧೦ ದಿನಗಳೊಳಗೆ ಕೊಡಬೇಕೆಂದು ಕೇಂದ್ರ ಸರಕಾರದವರು ೨೦೨೪ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಹೇಳಿದ್ದಾರೆ. ಗೆದ್ದ ಮಕ್ಕಳ ಚಿತ್ರಗಳ ಸಾಲನ್ನು ನೋಡಿ ಮರುಳಾಗಬಾರದು. ಆ ಮಗುವು ಅಲ್ಲಿ ವರ್ಷವಿಡೀ ಓದಿತೋ, ಕಡೆಯ ವಾರದಲ್ಲಿ ಒಂದು ಮಾದರಿ ಪರೀಕ್ಷೆಯನ್ನು ಮಾತ್ರ ಬರೆಯಿತೋ, ಯಾರು ಬಲ್ಲರು? ಈ ವಿಷಯವನ್ನು ಮುಚ್ಚಿಡುವ ಜಾಹೀರಾತುಗಳಿಗೆ ವಿರುದ್ಧವಾಗಿ ಗ್ರಾಹಕ ರಕ್ಷಣಾ ಪ್ರಾಧಿಕಾರದವರು ೨೦೨೪ರ ನವೆಂಬರಿನಲ್ಲಿ ನಿಯಮ ಮಾಡಬೇಕಾಗಿ ಬಂದಿತೆಂಬುದೇ ಸಾಕಷ್ಟು ಸೂಚನೆ.

ಓದಿನಷ್ಟೇ ಮುಖ್ಯವಾದುದು ಕಾಲೇಜಿನ ಬಾಳು. ಹಾಸ್ಟೆಲಿನಲ್ಲಿಯೋ ಪಿ.ಜಿ. ಎಂದು ಕರೆಯುವ ವಸತಿಗಳಲ್ಲಿಯೋ ಇರುವ ಮಕ್ಕಳು ಮೊದಲು ಕೆಡಿಸಿಕೊಳ್ಳುವುದು ನಿದ್ರೆಯನ್ನು, ಅನಂತರ ಊಟವನ್ನು. ರಾತ್ರಿ ಎರಡು ಗಂಟೆಯವರೆಗೆ ಎಚ್ಚರವಾಗಿದ್ದು ಬೆಳಗ್ಗೆ ತಿಂಡಿಯನ್ನೂ ಮೊದಲ ಪಾಠವನ್ನೂ ಕಳೆದುಕೊಂಡವರಿಗೆ ದಿನವೆಲ್ಲ ಜಡತೆ. ಹನ್ನೊಂದಕ್ಕೆ ಮಲಗಿ ಆರಕ್ಕೆ ಏಳುವವರಿಗೆ ಹೆಚ್ಚು ಕೆಲಸವಾಗುವುದನ್ನು ನಾವು ಕಂಡಿದ್ದೇವೆ. ಓದುವಾಗ ಫೋನು ಕೈಗೆ ಎಟುಕದಂತೆ ಇನ್ನೊಂದು ಕೋಣೆಯಲ್ಲಿರಲಿ. ಹಾಜರಿ, ಪ್ರಯೋಗಶಾಲೆಯ ರಿಕಾರ್ಡು, ಆಂತರಿಕ ಪರೀಕ್ಷೆ ಇವುಗಳನ್ನು ಆಯಾ ವಾರವೇ ಮುಗಿಸಬೇಕು. ಉಳಿದು ಬೆಳೆದ ಸಣ್ಣ ಕೆಲಸಗಳೇ ಮುಂದೆ ಓದಿನ ದಿನಗಳನ್ನು ನುಂಗುವುವು. ಸೆಮಿಸ್ಟರಿನಲ್ಲಿ ಒಂದು ವಿಷಯ ಉಳಿದರೂ ಎಂ.ಟೆಕ್. ಪ್ರವೇಶದ ಕಾಲಕ್ಕೆ ಪದವಿ ಮುಗಿದಿರುವುದಿಲ್ಲ. ಗೇಟಿನಲ್ಲಿ ಎಷ್ಟು ಒಳ್ಳೆಯ ಅಂಕ ಬಂದರೂ ಸ್ಥಾನವು ಕೈತಪ್ಪುವ ಸಂಭವವುಂಟು.

ಒಂದೇ ಗುರಿಯಿರುವ ಇಬ್ಬರು ಮೂವರು ಗೆಳತಿಯರು ಸೇರಿ ವಾರಕ್ಕೊಮ್ಮೆ ಒಬ್ಬರಿಗೊಬ್ಬರು ಪಾಠ ಹೇಳಿಕೊಳ್ಳುವುದು ಬಹು ಪ್ರಯೋಜನಕಾರಿ. ಇದೇ ನಾವು ಹೇಳಿದ ಚಿಂತನೆ. ಹಾಗೆಯೇ ಪಾಠಶಾಲೆಗಳಲ್ಲಿ ಪಾಡ್ಯ, ಅಷ್ಟಮಿ, ಚತುರ್ದಶಿ ಮೊದಲಾದ ದಿನಗಳು ಅನಧ್ಯಾಯ; ಆಗ ಹೊಸ ಪಾಠವಿಲ್ಲ. ಸೋಮಾರಿತನಕ್ಕಾಗಿ ಹಿರಿಯರು ಇದನ್ನು ಮಾಡಲಿಲ್ಲ. ದಣಿದ ಮನಸ್ಸು ಕಲಿತುದನ್ನು ಹಿಡಿದಿಡಲಾರದೆಂಬುದರಿಂದ ಮಾಡಿದರು. ಈಗಿನ ಮಕ್ಕಳೂ ವಾರದಲ್ಲಿ ಅರ್ಧ ದಿನವನ್ನು ಆಟಕ್ಕೋ ಸಂಗೀತಕ್ಕೋ ಸುಮ್ಮನೆ ತಿರುಗಾಡುವುದಕ್ಕೋ ಇಟ್ಟುಕೊಳ್ಳಲಿ. ಆ ಅರ್ಧ ದಿನದಲ್ಲಿ “ಓದುತ್ತಿಲ್ಲವಲ್ಲ” ಎಂದು ಮನೆಯವರು ಆಕ್ಷೇಪಿಸಬಾರದು.

ಮನಸ್ಸಿನ ಬೇನೆಯ ವಿಚಾರವನ್ನು ಮುಚ್ಚಿಟ್ಟುಕೊಳ್ಳುವುದು ನಮ್ಮ ಮನೆಗಳ ಒಂದು ಕೆಟ್ಟ ಅಭ್ಯಾಸ. ಲವಲವಿಕೆಯಿಂದಿದ್ದ ಮಗುವು ವಾರಗಟ್ಟಲೆ ಊಟ ಬಿಟ್ಟರೆ, ನಿದ್ರೆಯಿಲ್ಲದಿದ್ದರೆ, ನಾನು ಇದ್ದು ಏನು ಪ್ರಯೋಜನವೆಂಬ ಮಾತನ್ನಾಡಿದರೆ ಅದನ್ನು ನೆಪವೆಂದು ತಳ್ಳಿಹಾಕಬಾರದು. ೨೦೨೨ರಲ್ಲಿ ಸರಕಾರದವರು ಆರಂಭಿಸಿದ ಟೆಲಿ ಮಾನಸ್ ಎಂಬ ಸಹಾಯವಾಣಿಯ ಸಂಖ್ಯೆ ೧೪೪೧೬, ಬೆಂಗಳೂರಿನ ನಿಮ್ಹಾನ್ಸ್ ಇದರ ಮೇಲ್ವಿಚಾರಣೆಯ ಕೇಂದ್ರ, ಕನ್ನಡದಲ್ಲಿಯೇ ಮಾತನಾಡಬಹುದು. ಹಿರಿಯ ವಿದ್ಯಾರ್ಥಿಗಳಿಂದ ರ್ಯಾಗಿಂಗ್ ಎಂಬ ಪೀಡೆಯುಂಟಾದರೆ ೧೮೦೦-೧೮೦-೫೫೨೨ಕ್ಕೆ ದೂರು ಹೇಳಬಹುದು. ಈ ಎರಡು ಸಂಖ್ಯೆಗಳನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಲು ತಾಯಂದಿರನ್ನು ಪ್ರಾರ್ಥಿಸುತ್ತೇವೆ. ಯಾವ ಪದವಿಯೂ ಮಗುವಿಗಿಂತ ದೊಡ್ಡದಲ್ಲ.

ಕಡೆಯದಾಗಿ ಮನೆಯವರ ಮಾತು. ನಮ್ಮ ಅನೇಕ ಮನೆಗಳಲ್ಲಿ ಮಗನು ಓದುತ್ತಿದ್ದರೆ ಕಾಫಿಯು ಮೇಜಿನ ಬಳಿಗೆ ಹೋಗುವುದು. ಮಗಳು ಓದುತ್ತಿದ್ದರೆ ಆ ಕಾಫಿಯನ್ನು ಮಾಡಲು ಅವಳನ್ನೇ ಕರೆಯುವರು. ರಜೆಗೆ ಬಂದ ಹುಡುಗಿಗೆ ಮನೆಯ ಕೆಲಸದಲ್ಲಿ ಪಾಲಿರಲಿ, ಬೇಡವೆನ್ನುವುದಿಲ್ಲ. ಆದರೆ ತಮ್ಮನಿಗೂ ಅಷ್ಟೇ ಪಾಲಿರಲಿ. ಅವಳು ಓದುವ ಎರಡು ಗಂಟೆಯಲ್ಲಿ ನೆಂಟರು ಬಂದರೂ ಸರಿಯೇ, ಅವಳನ್ನು ಎಬ್ಬಿಸಬಾರದು. ಪಕ್ಕದ ಮನೆಯ ಹುಡುಗನ ಅಂಕವನ್ನು ಅವಳ ಮುಂದೆ ಎತ್ತಬಾರದು.

ಮದುವೆಯ ವಿಚಾರದಲ್ಲಿ ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಓದಬೇಕೆಂಬ ಹುಡುಗಿಯನ್ನು ಓದಗೊಡಬೇಕು. ಹಿರಿಯರು ಖರ್ಚಿನ ಮಾತನ್ನೆತ್ತಿದರೆ ಈ ಲೆಕ್ಕವನ್ನು ಅವರ ಮುಂದಿಡಿರಿ: ಗೇಟ್ ಮೂಲಕ ಎಂ.ಟೆಕ್. ಸೇರಿದವರಿಗೆ ಕೊಡುವ ವಿದ್ಯಾರ್ಥಿವೇತನ ತಿಂಗಳಿಗೆ ೧೨,೪೦೦ ರೂಪಾಯಿ. ಅದು ಎರಡು ವರ್ಷ ನಡೆಯುವುದು. ಸರಕಾರೀ ಸಂಸ್ಥೆಯ ಹಾಸ್ಟೆಲಿನಲ್ಲಿ ಊಟ ವಸತಿಯ ಬಹುಭಾಗವನ್ನು ಅದೇ ಹೊರುವುದು. ಬೆಂಗಳೂರಿನ ವಿಜ್ಞಾನ ಸಂಸ್ಥೆ, ಸುರತ್ಕಲ್ಲಿನ ಎನ್.ಐ.ಟಿ., ಧಾರವಾಡದ ಐ.ಐ.ಟಿ. ಇವು ನಾಡಿನೊಳಗೇ ಇವೆ. ಬಡ ವಿದ್ಯಾರ್ಥಿಗೆ ಇಂತಹ ಆಸರೆಯು ಏನನ್ನು ಮಾಡಬಲ್ಲುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಜೀವನ ಸಾಗಿಸಿದರು. ೧೮೮೧ರಲ್ಲಿ ಬಿ.ಎ. ಆದ ಮೇಲೆ ಮೈಸೂರು ಸರಕಾರದ ವಿದ್ಯಾರ್ಥಿವೇತನವು ದೊರೆತುದರಿಂದ ಪುಣೆಯ ವಿಜ್ಞಾನ ಕಾಲೇಜಿಗೆ ಹೋದರು. ೧೮೮೩ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ನಿಂತರು. ದಿನದ ಕೆಲವು ಗಂಟೆಗಳು ಪರರ ಮಕ್ಕಳಿಗೆ ಹೋಗುತ್ತಿದ್ದರೂ ಉಳಿದ ಗಂಟೆಗಳನ್ನು ಅವರು ಕ್ರಮದಿಂದ ಕಾಯ್ದುಕೊಂಡರು. ಆಗ ಆ ವಿದ್ಯಾರ್ಥಿವೇತನವು ಒಬ್ಬ ಹುಡುಗನಿಗೆ ಸಿಕ್ಕಿತು. ಈಗಿನದು ಹೆಣ್ಣುಮಕ್ಕಳಿಗೂ ಸಮನಾಗಿ ತೆರೆದಿದೆ. ನಾವೇ ಬಾಗಿಲು ಮುಚ್ಚುವುದು ನ್ಯಾಯವಲ್ಲ.

ಫಲವು ಮೊದಲ ಸಲ ಬಾರದಿದ್ದರೆ? ಆಗಲೂ ಅವಳ ಕೈಯಲ್ಲಿ ಪದವಿಯಿರುವುದು, ಅದೂ ಪಾಠವನ್ನು ಬಿಡದೆ ಓದಿ ಪಡೆದ ಪದವಿ. ಕೆಲಸಕ್ಕೆ ಸೇರಿ ಮರುವರ್ಷ ಮತ್ತೆ ಬರೆಯಬಹುದು. ರಾಜ್ಯದ ಪಿ.ಜಿ.ಸಿ.ಇ.ಟಿ. ಇರುವುದು. ಕಾಲೇಜನ್ನು ಅಲಕ್ಷಿಸಿ ಒಂದು ಪರೀಕ್ಷೆಯನ್ನೇ ನಂಬಿದವರಿಗೆ ಈ ದಾರಿಗಳು ಕಿರಿದಾಗುವುವು. ದಿನದಿನದ ಪಾಠವನ್ನು ದಿನದಿನವೇ ಮುಗಿಸಿದವರಿಗೆ ಇವೆಲ್ಲ ತೆರೆದಿರುವುವು. ಆ ಹುಡುಗಿಗೆ ಶ್ರೇಯಸ್ಸಾಗಲೆಂದು ಹಾರೈಸುತ್ತೇವೆ. ಉನ್ನತ ವ್ಯಾಸಂಗಕ್ಕಾಗಿ ಬ್ಯಾಂಕಿನಿಂದ ಸಾಲವೆತ್ತುವ ಮೊದಲು ಗೃಹಸ್ಥರು ನೋಡಿಕೊಳ್ಳಬೇಕಾದ ಸಂಗತಿಗಳನ್ನು ಬರುವ ತಿಂಗಳು ವಿವರಿಸುವೆವು.